ಪದ ಪರಿಚಯ: ಮೇಫ್ಲವರ್ ವಂಶಸ್ಥರ ಸಂಘ

1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಹೊರಟು, ಇಂದಿನ ಮ್ಯಾಸಚೂಸೆಟ್ಸ್ ರಾಜ್ಯದ ಪ್ಲಿಮತ್‌ನಲ್ಲಿ ನೆಲೆಯೂರಿದವರ ಸಂತತಿ ತಾವು ಎನ್ನುವ ಅಮೆರಿಕನ್ನರು ಬೇಕಾದಷ್ಟಿದ್ದಾರೆ. ಆ ಮಾತನ್ನು ದಾಖಲೆ ಇಟ್ಟು ಸಾಬೀತು ಮಾಡಿದವರ ಕೂಟವೇ ಜನರಲ್ ಸೊಸೈಟಿ ಆಫ್ ಮೇಫ್ಲವರ್ ಡಿಸೆಂಡೆಂಟ್ಸ್. ಸ್ಥಾಪನೆ 1897, ಕೇಂದ್ರ ಕಚೇರಿ ಪ್ಲಿಮತ್‌ನಲ್ಲೇ. ಪ್ಲಿಮತ್ ಎದ್ದ ಜಾಗ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಆಗ್ ಜನರ ಪಟುಕ್ಸೆಟ್ ಊರಾಗಿತ್ತು. ಹಡಗು ಬರುವ ಕೆಲವೇ ವರ್ಷ ಮೊದಲು ಸಾಂಕ್ರಾಮಿಕ ರೋಗ ಅದನ್ನು ಬರಿದು ಮಾಡಿತ್ತು. ಆ ವಲಸಿಗರ ನೆನಪಿನೊಂದಿಗೆ ಬೆಸೆದ ಅಮೆರಿಕದ ನವೆಂಬರ್ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್ ದಿನ, 1970ರಿಂದ ಅಲ್ಲಿ ಮೂಲನಿವಾಸಿಗಳು ಶೋಕಾಚರಣೆ ನಡೆಸುತ್ತಾರೆ.

ಹಡಗಿನಲ್ಲಿ ಬಂದ ಪ್ರಯಾಣಿಕರು 102. ಮೊದಲ ಚಳಿಗಾಲದಲ್ಲೇ ಹೆಚ್ಚುಕಡಿಮೆ ಅರ್ಧದಷ್ಟು ಜನ ತೀರಿಕೊಂಡರು, ಹಾಗಾಗಿ ಸಂತತಿ ಉಳಿದದ್ದು ಕೆಲವರದ್ದು ಮಾತ್ರ. 1621ರ ಫಾರ್ಚೂನ್, 1623ರ ಆನ್ ಹಡಗುಗಳಲ್ಲಿ ಬಂದವರೂ ಅದೇ ಊರಿನವರೇ, ಆದರೆ ಅಷ್ಟರಿಂದ ಸದಸ್ಯತ್ವ ಸಿಗದು. ರಿಚರ್ಡ್ ವಾರನ್ ಮೇಫ್ಲವರ್‌ನಲ್ಲಿ ಬಂದ. ಹೆಂಡತಿ ಮತ್ತು ಐವರು ಹೆಣ್ಣುಮಕ್ಕಳು ಬಂದದ್ದು ಆನ್‌ನಲ್ಲಿ. ಆ ಹೆಣ್ಣುಮಕ್ಕಳ ಸಂತತಿಗೆ ಪ್ರವೇಶವುಂಟು, ಅಪ್ಪನ ದೆಸೆಯಿಂದ.

ಮಗನ ಕಡೆ, ಮಗಳ ಕಡೆ ಎಂಬ ಭೇದವಿಲ್ಲ. ಹೀಗಾಗಿ ಮನೆತನದ ಹೆಸರು ಇಲ್ಲಿ ಏನನ್ನೂ ಹೇಳುವುದಿಲ್ಲ. ಬ್ರಾಡ್‌ಫರ್ಡ್ ಎಂಬ ಹೆಸರಿನವರಿಗೆ ನಂಟೇ ಇಲ್ಲದಿರಬಹುದು, ಬೇರೆ ಹೆಸರಿನವರು ಮೇಫ್ಲವರ್‌ನಲ್ಲಿ ಬಂದು ಪ್ಲಿಮತ್‌ನ ಗವರ್ನರ್ ಆದ ಬ್ರಾಡ್‌ಫರ್ಡ್‌ನ ನೇರ ವಂಶದವರಾಗಿರಬಹುದು. ಸೊಸೆ, ಅಳಿಯಂದಿರಿಗೆ ಮದುವೆಯಿಂದ ಹಕ್ಕು ಬಾರದು. ಆ ವಂಶದವರನ್ನು ಮದುವೆಯಾದ ಕನ್ನಡಿಗರಿಗೂ ಅಷ್ಟೇ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಮಾತ್ರ ಅರ್ಜಿ ಹಾಕಬಹುದು.

ಅರ್ಜಿ ಹೋಗುವುದು ರಾಜ್ಯದ ಶಾಖೆಗೆ. ಅಲ್ಲಿನ ಇತಿಹಾಸ ಪರಿಶೀಲಕರು ನೋಡಿದ ಮೇಲೆ ಪ್ಲಿಮತ್‌ನಲ್ಲಿ ಇನ್ನೊಮ್ಮೆ ತಪಾಸಣೆ. ಪ್ರತಿ ತಲೆಮಾರಿಗೂ ಹುಟ್ಟು, ಮದುವೆ, ಸಾವಿನ ದಾಖಲೆ ಬೇಕು. ತಂದೆತಾಯಿಯ ಹೆಸರಿಲ್ಲದ ಚುಟುಕು ಜನನ ಪತ್ರ ನಡೆಯುವುದಿಲ್ಲ, ಪೂರ್ಣ ಪ್ರತಿಯೇ ಆಗಬೇಕು.

ವಂಶಾವಳಿಯಲ್ಲಿ ಹಡಗಿನ ಕಡೆಯ ತುದಿ ಕಷ್ಟವೆಂದು ಹೊಸಬರು ಹೆದರುತ್ತಾರೆ. ವಾಸ್ತವದಲ್ಲಿ ಅದೇ ಸಲೀಸು: ಮೊದಲ ಐದು ತಲೆಮಾರುಗಳನ್ನು ಸಂಘವೇ ಶೋಧಿಸಿ, ‘ಬೆಳ್ಳಿ ಪುಸ್ತಕ’ಗಳೆಂದು ಕರೆಯುವ ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ. ಈಚಿನ ತುದಿಗೆ ಸರ್ಕಾರಿ ಪತ್ರಗಳಿವೆ. ಕೊಂಡಿ ಕಳಚುವುದು ನಡುವೆ, ಸುಮಾರು 1780ರಿಂದ 1850ರವರೆಗೆ. ಜನ ಮ್ಯಾಸಚೂಸೆಟ್ಸ್ ಸೇರಿದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡ್ ಬಿಟ್ಟು ನ್ಯೂಯಾರ್ಕ್, ಒಹಾಯೊ ಕಡೆ ಗುಳೆ ಹೋದ ಕಾಲವದು. ಅಲ್ಲಿ ಜನನ ನೋಂದಣಿ ಇನ್ನೂ ಇರಲಿಲ್ಲ. 1850ಕ್ಕೆ ಮೊದಲಿನ ಜನಗಣತಿ ಬರೆದುಕೊಂಡದ್ದು ಮನೆಯ ಯಜಮಾನನ ಹೆಸರು ಮಾತ್ರ. ಹೆಂಡತಿ ಮಕ್ಕಳು ಬರೀ ಅಂಕಿಗಳು. ಆಗ ಉಯಿಲು, ಜಮೀನಿನ ಕ್ರಯಪತ್ರ, ಮನೆಯ ಬೈಬಲ್‌ನಲ್ಲಿ ಬರೆದಿಟ್ಟ ಹೆಸರುಗಳನ್ನು ಹುಡುಕಬೇಕು. ‘ನನ್ನ ಮಗಳು, ಇಂಥವನ ಹೆಂಡತಿ’ ಎಂಬ ಉಯಿಲಿನ ಒಂದು ಸಾಲು ಸಿಕ್ಕರೆ ಎರಡು ತಲೆಮಾರು ಬೆಸೆದುಕೊಳ್ಳುತ್ತವೆ.

ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದುಕೊಂಡಾಗ. ಒಂದೇ ಊರಿನಲ್ಲಿ ಒಂದೇ ಹೆಸರಿನ ದಾಯಾದಿಗಳು ಇರುತ್ತಿದ್ದರು. ಅಂತರ್ಜಾಲದ ವಂಶವೃಕ್ಷಗಳು ಈ ತಪ್ಪನ್ನೇ ನಕಲು ಮಾಡುತ್ತಾ ಹೋಗುತ್ತವೆ.

ಸೋದರಸಂಬಂಧಿ ಈಗಾಗಲೇ ಸದಸ್ಯರಾಗಿದ್ದರೆ, ಹಡಗಿನ ಪ್ರಯಾಣಿಕರಿಂದ ಇಬ್ಬರಿಗೂ ಸೇರಿದ ಹಿರಿಯರವರೆಗಿನ ದಾರಿ ಅವರ ಕಡತದಲ್ಲೇ ಇರುತ್ತದೆ. ಆದರೆ ಹಳೆಯ ಕಡತಗಳು ಅಂದಿನ ಸಡಿಲ ನಿಯಮದಂತೆ ಒಪ್ಪಿಗೆ ಪಡೆದವು. ಅವುಗಳಲ್ಲಿನ ಪುರಾವೆ ಸಾಲದೆಂದು ಈಗ ಮತ್ತೆ ದಾಖಲೆ ಕೇಳುವುದುಂಟು.