ಒಂದೆಳೆ ಪಾಕದ ಹದ

ಉಂಡೆ ಕಟ್ಟುವ ಮುನ್ನ ಬೆಲ್ಲದ ಪಾಕವನ್ನು ಎರಡು ಬೆರಳ ನಡುವೆ ಹಿಡಿದು ಎಳೆ ನೋಡುತ್ತಾರಲ್ಲ, ನನ್ನ ಕೆಲಸವೂ ಅಲ್ಲಿಂದಲೇ ಶುರು. ಕಲಬುರಗಿಯ ನಮ್ಮ ಪ್ರಯೋಗಾಲಯದಲ್ಲಿ ಮೊಣಕಾಲು ಎಷ್ಟು ಮಡಚಿತು ಎಂದು ಅಳೆಯುವ, ರಬ್ಬರಿನಂತೆ ಹಿಗ್ಗುವ ಸಂವೇದಕ ಪಟ್ಟಿಗಳನ್ನು ಮಾಡುತ್ತೇವೆ. ಸೇತುವೆಯ ಹಿಗ್ಗು-ಕುಗ್ಗು ಅಳೆಯಲು ಅಂಟಿಸುವ ಲೋಹದ ಮಾಪಕ ಇಲ್ಲಿಗೆ ಒಗ್ಗದು, ಅದು ಚರ್ಮದಷ್ಟು ಹಿಗ್ಗಲಾರದು.

ಈ ಪಟ್ಟಿಗೆ ಬೇಕಾದ ಎಳೆಯನ್ನು ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್‌ನ ದ್ರಾವಣದಿಂದ ನೂಲುತ್ತೇವೆ. ದ್ರಾವಣ ತೆಳುವಾದರೆ ಮಣಿಮಣಿಯಾಗಿ ಬೀಳುತ್ತದೆ. ಹದ ಬಂದರೆ ಉದ್ದುದ್ದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಎಳೆ ತುಂಡಾಗದೆ ನಿಲ್ಲುತ್ತದೆ. ಸಿರಿಂಜಿನ ಸೂಜಿಗೆ ಸುಮಾರು 15,000 ವೋಲ್ಟ್ ಕೊಟ್ಟಾಗ ತುದಿಯ ಹನಿ ಉಬ್ಬಿ, ಶಂಕುವಿನಂತೆ ಚೂಪಾಗಿ, ಅಲ್ಲಿಂದ ಎಳೆ ಚಿಮ್ಮುತ್ತದೆ. 15 ಸೆಂ.ಮೀ. ದೂರದ ಅಲ್ಯೂಮಿನಿಯಂ ಹಾಳೆ ಮುಟ್ಟುವಷ್ಟರಲ್ಲಿ ಸುತ್ತಿ ಸುಳಿದು, ತಲೆಗೂದಲಿನ ನೂರನೇ ಪಾಲಿನಷ್ಟು ಸಪೂರವಾಗಿರುತ್ತದೆ. ಕೆಲವು ಗಂಟೆಗಳಲ್ಲಿ ಜೇಡರ ಬಲೆಯನ್ನು ಒತ್ತಾಗಿ ಹಾಸಿದಂತಹ ಬಿಳಿ ಪೊರೆ ಸಿದ್ಧ.

ಊರಿನ ಹವೆ ಅಡ್ಡ ಬರುವುದು ಈ ಹಂತದಲ್ಲಿ. ಮೇ ತಿಂಗಳ ಒಣ ಬಿಸಿಗೆ ದ್ರಾವಕ ಸೂಜಿಯ ತುದಿಯಲ್ಲೇ ಆರಿ ಗಂಟುಕಟ್ಟುತ್ತದೆ. ಕೂಲರ್ ಹಚ್ಚಿದರೆ ತೇವ ಸಿಗುತ್ತದೆ, ಆದರೆ ಅದರ ಗಾಳಿಗೆ ಎಳೆ ದಿಕ್ಕು ತಪ್ಪುತ್ತದೆ. ಹಾಗಾಗಿ ಮೊದಲು ಕೂಲರ್ ಓಡಿಸಿ, ನಿಲ್ಲಿಸಿ, ಸೂಜಿ, ಹಾಳೆ ಇರುವ ಪೆಟ್ಟಿಗೆಯ ಬಾಗಿಲು ಹಾಕಿ ನೂಲುತ್ತೇವೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನೀರಾವಿ ಸೇರಿ ಎಳೆಯ ಮೈಯೆಲ್ಲ ತೂತು. ವೋಲ್ಟ್ ಬರೆದು ತೇವಾಂಶ ಬರೆಯದ ದಾಖಲೆ ಪುಸ್ತಕಕ್ಕೆ ನಾನು ಸಹಿ ಹಾಕುವುದಿಲ್ಲ.

ಬಿಳಿ ಪೊರೆಯಲ್ಲಿ ವಿದ್ಯುತ್ ಹರಿಯದು. ಪೈರೋಲ್ ದ್ರಾವಣದಲ್ಲಿ ಅದ್ದಿ ಫೆರಿಕ್ ಕ್ಲೋರೈಡ್ ಬೆರೆಸಿದರೆ ಎಳೆಗಳಿಗೆ ಪಾಲಿಪೈರೋಲ್ ಎಂಬ ವಾಹಕ ಪಾಲಿಮರ್ ಕಪ್ಪಗೆ ಮೆತ್ತಿಕೊಳ್ಳುತ್ತದೆ. ಎಳೆದಾಗ ಆ ಪದರ ಬಿರಿದು ವಿದ್ಯುತ್ತಿನ ದಾರಿ ಕಡಿಯುತ್ತದೆ, ರೋಧ, ಅಂದರೆ ವಿದ್ಯುತ್ ಹರಿವಿಗೆ ಇರುವ ಅಡ್ಡಿ, ಏರುತ್ತದೆ. ಮೊಣಕಾಲು ಎಷ್ಟು ಮಡಚಿತು ಎಂಬುದು ಈ ಏರಿಕೆಯಿಂದಲೇ ತಿಳಿಯುತ್ತದೆ. ಬಿಟ್ಟಾಗ ಬಿರುಕು ಕೂಡಿ ರೋಧ ಇಳಿಯುತ್ತದೆ.

ಇಳಿಯುತ್ತದೆ, ಆದರೆ ಹೊರಟಲ್ಲಿಗೇ ಮರಳುವುದಿಲ್ಲ. ರೋಧ ಎಷ್ಟು ಪಟ್ಟು ಏರಿತು ಎಂಬುದನ್ನು ವಿದ್ಯಾರ್ಥಿಗಳು ಹೆಮ್ಮೆಯಿಂದ ತೋರಿಸುತ್ತಾರೆ. ಮರಳಿ ಎಲ್ಲಿಗೆ ಬಂತು ಎಂದು ನಾನು ಕೇಳುತ್ತೇನೆ. ಹೋರಿಯನ್ನು ನೊಗಕ್ಕೆ ಪಳಗಿಸುವಂತೆ ಪಟ್ಟಿಯನ್ನು ಮೊದಲೇ ನೂರಾರು ಸಲ ಎಳೆದು ಬಿಡಬೇಕು. ಬಿರಿಯಬೇಕಾದದ್ದು ಬಿರಿದ ಮೇಲೆ ಏರಿಳಿತ ಒಂದು ಹಳಿಗೆ ಬರುತ್ತದೆ. ಬೆವರು ತಾಗದಂತೆ ತೆಳುವಾದ ಸಿಲಿಕೋನ್ ಹೊದಿಕೆಯೂ ಬೇಕು.

ಒಮ್ಮೆ ಅಂಕಿಗಳು ಹುಚ್ಚೆದ್ದು ಕುಣಿದವು. ಎರಡು ದಿನ ಎಳೆಯನ್ನೇ ದೂರಿದೆವು. ಭೂತಗನ್ನಡಿ ಹಿಡಿದು ನೋಡಿದರೆ, ತಂತಿ ಕೂಡಿಸಿದ ಬೆಳ್ಳಿಯ ಪೇಸ್ಟ್ ಅಡ್ಡಡ್ಡ ಸೀಳಿತ್ತು. ಅಂದಿನಿಂದ ಬೆಸುಗೆಯ ಜಾಗಕ್ಕೆ ಹಿಗ್ಗದ ಗಟ್ಟಿ ಬಟ್ಟೆಯ ತುಂಡನ್ನು ಅಂಟಿಸಿ, ಎಳೆತವೆಲ್ಲ ಪಟ್ಟಿಯ ನಡುಭಾಗಕ್ಕೇ ಬೀಳುವಂತೆ ಮಾಡುತ್ತಿದ್ದೇವೆ.