ಆಣೆ ಮಾಡ್ತೀನಿ ಅಂದರೂ ಬಿಡದ ಸಭೆ

1882ರ ಫೆಬ್ರವರಿ 21. ಲಂಡನ್ನಿನ ಕಾಮನ್ಸ್ ಸಭೆಯಲ್ಲಿ, ಅಂದರೆ ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆಯಲ್ಲಿ, ಎತ್ತರದ ಆಳು ಒಬ್ಬ ಸರಸರನೆ ನಡೆದು ಬಂದು ಸಭೆಯ ನಡುವಿನ ಮೇಜಿನ ಮುಂದೆ ನಿಂತ. ಜೇಬಿಗೆ ಕೈ ಹಾಕಿ ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ತೆಗೆದ. ಜೊತೆಗೆ ಒಂದು ಹಾಳೆ. ಯಾರೂ ಕರೆಯಲಿಲ್ಲ, ಯಾರೂ ಬೋಧಿಸಲಿಲ್ಲ. ಹಾಳೆಯಲ್ಲಿದ್ದ ಪ್ರಮಾಣವಚನವನ್ನು ತಾನೇ ಓದಿ, ತಾನೇ ಸಹಿ ಮಾಡಿಬಿಟ್ಟ. ಸಭೆಗೆ ಸಭೆಯೇ ದಂಗಾಯಿತು. ಮರುದಿನ ಆತನನ್ನು ಸದಸ್ಯತ್ವದಿಂದ ಕಿತ್ತುಹಾಕಿದರು. ಮಾರ್ಚಿನಲ್ಲಿ ಉಪಚುನಾವಣೆ ನಡೆಯಿತು, ಆತನೇ ಮತ್ತೆ ಗೆದ್ದ.

ಆತ ಚಾರ್ಲ್ಸ್ ಬ್ರಾಡ್ಲಾ, ನಾರ್ಥಾಂಪ್ಟನ್ ಕ್ಷೇತ್ರದ ಸದಸ್ಯ, ಇಂಗ್ಲೆಂಡಿನ ಆ ಕಾಲದ ಅತಿ ಪ್ರಸಿದ್ಧ ನಾಸ್ತಿಕ. ದೇವರಿಲ್ಲ ಎಂದು ಊರೂರು ಸುತ್ತಿ ಭಾಷಣ ಮಾಡಿದವರು ಬೈಬಲ್ಲನ್ನು ಜೇಬಿನಲ್ಲಿಟ್ಟುಕೊಂಡು ಬಂದು ದೇವರ ಹೆಸರಲ್ಲಿ ಪ್ರಮಾಣ ಮಾಡಬೇಕಾಗಿ ಬಂದದ್ದು ಹೇಗೆ? ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ 'ದೇವರ ಮೇಲೆ ಆಣೆ ಮಾಡಲು ಒಪ್ಪದ್ದಕ್ಕೆ ಪಾರ್ಲಿಮೆಂಟಿನಿಂದ ಹೊರಬಿದ್ದ ಧೀರ' ಎಂದು ಮುಗಿಸಿಬಿಡುತ್ತಾರೆ. ಅದು ಅರ್ಧ ಸತ್ಯವೂ ಅಲ್ಲ. ಆಣೆ ಮಾಡಲು ಅವರು ತಯಾರಿದ್ದರು. ಬಿಡದೇ ಹೋದದ್ದು ಸಭೆ.

ಮೊದಲು ಆಣೆಯ ಚರಿತ್ರೆ ಒಂದಿಷ್ಟು. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಮಾಣವಚನವೆಂದರೆ ಬೇಡದವರನ್ನು ಹೊರಗಿಡುವ ಜರಡಿ. ಅದರ ಒಂದೊಂದು ತೂತನ್ನೂ ಯಾರೋ ಒಬ್ಬರು ಜಗಳವಾಡಿ ಹಿಗ್ಗಿಸಬೇಕಾಯಿತು. 1829ರಲ್ಲಿ ಕ್ಯಾಥೊಲಿಕರಿಗೆ ದಾರಿ ಬಿಟ್ಟರು. ಆಣೆ ಇಡುವುದೇ ಪಾಪ ಎನ್ನುವ ಕ್ವೇಕರ್ ಪಂಥದ ಜೋಸೆಫ್ ಪೀಸ್ 1833ರಲ್ಲಿ ಆಣೆಯ ಬದಲು ದೃಢೀಕರಣ (ದೇವರ ಹೆಸರೆತ್ತದೆ ಕೊಡುವ ಗಂಭೀರ ವಚನ) ಹೇಳಿ ಒಳಬಂದರು. ಯೆಹೂದಿಗಳ ಸರದಿ ಇನ್ನೂ ತಡ. ಲಯೊನೆಲ್ ಡಿ ರೋತ್‌ಶೀಲ್ಡ್ 1847ರಲ್ಲಿ ಗೆದ್ದವರು 1858ರಲ್ಲಿ ಕೂತರು. ನಡುವೆ ಡೇವಿಡ್ ಸಾಲಮನ್ಸ್ ಎಂಬವರು ಧೈರ್ಯ ಮಾಡಿ ಕೂತು ಮತ ಹಾಕಿ 500 ಪೌಂಡ್ ದಂಡ ತೆತ್ತರು. ಉಳಿದದ್ದು ಯಾವ ದೇವರೂ ಇಲ್ಲದವರು.

ಬ್ರಾಡ್ಲಾ ಹುಟ್ಟಿದ್ದು 1833ರಲ್ಲಿ, ಪೂರ್ವ ಲಂಡನ್ನಿನ ಹಾಕ್ಸ್ಟನ್ನಿನಲ್ಲಿ. ತಂದೆ ವಕೀಲರ ಬಳಿ ಗುಮಾಸ್ತ. ಹನ್ನೊಂದನೇ ವಯಸ್ಸಿಗೆ ಶಾಲೆ ಮುಗಿಯಿತು. ಹುಡುಗ ಚರ್ಚಿನ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಬಿಷಪ್ ಬರುತ್ತಾರೆ, ಚರ್ಚಿನ 39 ಸೂತ್ರಗಳನ್ನೂ ನಾಲ್ಕು ಸುವಾರ್ತೆಗಳನ್ನೂ ಚೆನ್ನಾಗಿ ಓದಿಕೋ ಎಂದು ಪಾದ್ರಿ ಪ್ಯಾಕರ್ ಹೇಳಿದರು. ಹುಡುಗ ನಿಜವಾಗಿಯೂ ಓದಿದ. ತಾಳೆ ಬೀಳುತ್ತಿಲ್ಲವಲ್ಲ, ಸ್ವಲ್ಪ ವಿವರಿಸಿ ಎಂದು ವಿನಯದಿಂದಲೇ ಪತ್ರ ಬರೆದ. ಪಾದ್ರಿ ಉತ್ತರ ಕೊಡುವ ಬದಲು ತಂದೆಗೆ ದೂರು ಕೊಟ್ಟರು, ಪಾಠ ಹೇಳುವುದನ್ನು ಬಿಡಿಸಿದರು. ಕೊನೆಗೆ ಮೂರು ದಿನಗಳ ಗಡುವು: ಅಭಿಪ್ರಾಯ ಬದಲಿಸು, ಇಲ್ಲವೇ ಕೆಲಸ ಬಿಡು. ಹುಡುಗ ಕೆಲಸವನ್ನೂ ಮನೆಯನ್ನೂ ಬಿಟ್ಟ. ಪ್ಯಾಕರ್ ಒಂದು ಸಾದಾ ಉತ್ತರ ಬರೆದಿದ್ದರೆ ಇಂಗ್ಲೆಂಡಿಗೆ ಬಹುಶಃ ಒಬ್ಬ ಒಳ್ಳೆಯ ಪಾದ್ರಿಯೇ ಸಿಗುತ್ತಿದ್ದನೇನೋ.

ಆಮೇಲೆ ಕೆಲಕಾಲ ಸೈನ್ಯ. ಸೇರಿದ್ದು ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಹೋಗುವ ಆಸೆಯಿಂದ, ಹೋಗಿ ಬಿದ್ದದ್ದು ಡಬ್ಲಿನ್ನಿಗೆ. ಅಜ್ಜಿಯ ವರಸೆಯ ಬಂಧುವೊಬ್ಬರಿಂದ ಬಂದ ಒಂದಿಷ್ಟು ದುಡ್ಡು ಕಟ್ಟಿ 1853ರಲ್ಲಿ ಬಿಡುಗಡೆ ಪಡೆದು, ಅಪ್ಪನ ಹಾಗೆಯೇ ವಕೀಲರ ಗುಮಾಸ್ತರಾದರು. ಕಾನೂನು ಪದವಿ ಇಲ್ಲದ ಈ ಗುಮಾಸ್ತ ಕೋರ್ಟಿನಲ್ಲಿ ತನ್ನ ಕೇಸುಗಳನ್ನು ತಾನೇ ವಾದಿಸುತ್ತ ದೊಡ್ಡ ದೊಡ್ಡ ಬ್ಯಾರಿಸ್ಟರುಗಳಿಗೆ ನೀರಿಳಿಸುತ್ತಿದ್ದರು. ಸಂಜೆಗೆ ಭಾಷಣ, ರಾತ್ರಿಗೆ ಪತ್ರಿಕೆ. 1866ರಲ್ಲಿ ನ್ಯಾಷನಲ್ ಸೆಕ್ಯುಲರ್ ಸೊಸೈಟಿ ಹುಟ್ಟುಹಾಕಿದರು. ಅವರ ಪತ್ರಿಕೆಯ ಮೇಲೆ ಸರ್ಕಾರ ಮೊಕದ್ದಮೆ ಹೂಡಿದಾಗ 'ಘನ ಸರ್ಕಾರಕ್ಕೆ ಸಡ್ಡು ಹೊಡೆದು ಪ್ರಕಟಿಸಿದ ಪತ್ರಿಕೆ' ಎಂದು ತಲೆಬರಹದಲ್ಲೇ ಅಚ್ಚು ಹಾಕಿ ಮಾರಿದರು.

ನಮ್ಮವರಿಗೆ ಪರಿಚಯವಿರುವ ಇನ್ನೊಂದು ಹೆಸರು ಇಲ್ಲೇ ಬರುತ್ತದೆ. 1877ರಲ್ಲಿ ಸಂತಾನ ನಿಯಂತ್ರಣದ ಬಗೆಗಿನ ಹಳೆಯ ಪುಸ್ತಿಕೆಯೊಂದನ್ನು ಮರುಮುದ್ರಿಸಿದ್ದಕ್ಕೆ ಬ್ರಾಡ್ಲಾ ಜೊತೆಗೆ ಕಟಕಟೆಯಲ್ಲಿ ನಿಂತವರು ಆನಿ ಬೆಸೆಂಟ್. ಹೌದು, ಮುಂದೆ ಥಿಯಾಸಫಿಗೆ ತಿರುಗಿ, ಮದ್ರಾಸಿನ ಅಡ್ಯಾರಿಗೆ ಬಂದು, 1917ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದ ಅದೇ ಬೆಸೆಂಟ್. ಇಬ್ಬರಿಗೂ ಆರು ತಿಂಗಳ ಸಜೆಯಾಯಿತು. ಮೇಲ್ಮನವಿಯಲ್ಲಿ ತಾಂತ್ರಿಕ ದೋಷದಿಂದ ತೀರ್ಪು ಬಿದ್ದುಹೋಯಿತು. ಹೆಸರು ಮಾತ್ರ ಕೆಟ್ಟೇಹೋಯಿತು.

ನಾರ್ಥಾಂಪ್ಟನ್ ಚಮ್ಮಾರಿಕೆಯ ಊರು. ಬೂಟು ಹೊಲಿಯುವವರು, ಓದುವ ಚಟವಿದ್ದವರು, ಜಗಳಕ್ಕೆ ಹಿಂದೆಗೆಯದವರು. ಮೂರು ಸಲ ಸೋತ ಬ್ರಾಡ್ಲಾ ಅವರನ್ನು 1880ರಲ್ಲಿ ಅವರೇ ಗೆಲ್ಲಿಸಿ ಕಳಿಸಿದರು.

ಮೇ 3ರಂದು ಬ್ರಾಡ್ಲಾ ಸ್ಪೀಕರ್ ಬ್ರ್ಯಾಂಡ್ ಅವರ ಮುಂದೆ ಬಂದು, ಆಣೆಯ ಬದಲು ದೃಢೀಕರಣಕ್ಕೆ ಅವಕಾಶ ಕೊಡಿ ಎಂದು ಕೇಳಿದರು. ಕೋರ್ಟುಗಳಲ್ಲಿ ನಾಸ್ತಿಕರಿಗೆ ಆ ಅನುಕೂಲ 1869ರಿಂದಲೇ ಇತ್ತು. ಸ್ಪೀಕರ್ ಅಂದೇ 'ಆಗಲಿ' ಅಂದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಅವರು ವಿಷಯವನ್ನು ಸಭೆಯ ಮುಂದಿಟ್ಟರು, ಸಭೆ ಸಮಿತಿ ಮಾಡಿತು, ಸಮಿತಿ ಅಧ್ಯಕ್ಷರ ಒಂದು ಮತದಿಂದ 'ಇಲ್ಲ' ಅಂದಿತು. ಸರಿ, ಹಾಗಾದರೆ ಎಲ್ಲರ ಹಾಗೆ ಆಣೆಯನ್ನೇ ಮಾಡುತ್ತೇನೆ ಎಂದರು ಬ್ರಾಡ್ಲಾ. ಅಲ್ಲಿಗೆ ಬಿಡಬಹುದಿತ್ತು. ಆದರೆ ಅದರ ಕೆಲವು ಶಬ್ದಗಳು ತನಗೆ ಅರ್ಥವಿಲ್ಲದ ಸದ್ದುಗಳಷ್ಟೇ ಎಂದು ಪತ್ರಿಕೆಗೊಂದು ಬಹಿರಂಗ ಪತ್ರವನ್ನೂ ಬರೆದರು. ಪ್ರಾಮಾಣಿಕತೆ ಹೌದು, ಜಾಣತನ ಅಲ್ಲ.

ವಿರೋಧಿಗಳಿಗೆ ಹಬ್ಬವಾಯಿತು. ಇವನಿಗೆ ಅರ್ಥವೇ ಇಲ್ಲದ ಆಣೆಯನ್ನು ಇವನ ಬಾಯಿಂದ ಹೇಳಿಸುವುದು ದೇವರಿಗೆ ಅಪಚಾರ ಎಂದರು. ಇಂಥ ಮಾತಿನ ತೂಕ ನಮಗೂ ಗೊತ್ತು: 'ಧರ್ಮಸ್ಥಳಕ್ಕೆ ಬಾ, ಆಣೆ ಮಾಡು' ಎಂಬ ಸವಾಲು ನಮ್ಮ ರಾಜಕಾರಣದಲ್ಲೂ ಕೇಳಿಬರುತ್ತದಲ್ಲ. ಆದರೆ ಮುಂದೆ ನಿಂತು ಕೂಗಿದವರೆಲ್ಲ ಭಕ್ತರೇನೂ ಅಲ್ಲ. ಟೋರಿ (ಕನ್ಸರ್ವೇಟಿವ್) ಪಕ್ಷದ ರ‍್ಯಾಂಡಾಲ್ಫ್ ಚರ್ಚಿಲ್ (ವಿನ್‌ಸ್ಟನ್ ಚರ್ಚಿಲ್ ಅವರ ತಂದೆ) ಮತ್ತು ಗೆಳೆಯರಿಗೆ ಬೇಕಿದ್ದದ್ದು ಪ್ರಧಾನಿ ಗ್ಲ್ಯಾಡ್‌ಸ್ಟನ್ ಅವರನ್ನು ಪೇಚಿಗೆ ಸಿಲುಕಿಸುವ ಒಂದು ನೆಪ. ಬ್ರಾಡ್ಲಾ ಬರೆದಿದ್ದ ರಾಜಮನೆತನ ವಿರೋಧಿ ಕರಪತ್ರವನ್ನು ಚರ್ಚಿಲ್ ಸಭೆಯಲ್ಲೇ ನೆಲಕ್ಕೆ ಎಸೆದು ತುಳಿದರು.

ಜೂನ್ 23ರಂದು ಬ್ರಾಡ್ಲಾ ಹೊರಹೋಗಲು ಒಪ್ಪದಿದ್ದಾಗ ಅವರನ್ನು ಬಿಗ್ ಬೆನ್ ಇರುವ ಗಡಿಯಾರದ ಗೋಪುರದ ಕೋಣೆಯಲ್ಲಿ ಒಂದು ರಾತ್ರಿ ಕೂಡಿಹಾಕಿದರು. ಮರುದಿನ ಬಿಟ್ಟರು. ಆಮೇಲಿನದ್ದು ಚಕ್ರದ ಹಾಗೆ. ನಿನ್ನ ಜವಾಬ್ದಾರಿಯ ಮೇಲೆ ದೃಢೀಕರಿಸಿ ಕೂರು ಎಂದು ಸಭೆ ಜುಲೈಯಲ್ಲಿ ಬಿಟ್ಟಿತು; 1881ರಲ್ಲಿ ಕೋರ್ಟು ಅದು ಕಾನೂನಿಗೆ ವಿರುದ್ಧ ಎಂದಿತು; ಸೀಟು ಹೋಯಿತು; ಉಪಚುನಾವಣೆಯಲ್ಲಿ ಗೆದ್ದರು; ಸಭೆ ಒಳಗೆ ಬಿಡಲಿಲ್ಲ. ಆಗಸ್ಟ್ 3ರಂದು ಒಳನುಗ್ಗಲು ಹೋದಾಗ ಸಭೆಯ ಜವಾನರೂ ಪೊಲೀಸರೂ ಸೇರಿ ಮೆಟ್ಟಿಲ ಮೇಲಿಂದ ಎಳೆದು ಅಂಗಳಕ್ಕೆ ತಂದು ಬಿಟ್ಟರು. ಕೋಟು ಹರಿದಿತ್ತು, ಮುಖ ಬಿಳಿಚಿತ್ತು. ಹೊರಗೆ ಅವರ ಬೆಂಬಲಿಗರ ದೊಡ್ಡ ಗುಂಪೇ ಸೇರಿತ್ತು. ಒಂದು ಕೈಸನ್ನೆ ಸಾಕಿತ್ತು. ಬ್ರಾಡ್ಲಾ ಸನ್ನೆ ಮಾಡಲಿಲ್ಲ. ಮುಂದಿನ ವರ್ಷ ಜೇಬಿನಲ್ಲಿ ಪುಸ್ತಕ ಇಟ್ಟುಕೊಂಡು ಬಂದದ್ದು ಈ ಅವಮಾನದ ಬೆನ್ನಿಗೆ.

ಈ ರಾದ್ಧಾಂತದಲ್ಲಿ ಅತ್ಯುತ್ತಮ ಮಾತಾಡಿದವರು ಅಪ್ಪಟ ದೈವಭಕ್ತ ಗ್ಲ್ಯಾಡ್‌ಸ್ಟನ್. 1883ರ ಏಪ್ರಿಲ್ 26ರಂದು ದೃಢೀಕರಣ ಮಸೂದೆಯ ಪರ ನಿಂತು, ಲ್ಯಾಟಿನ್ ಕವಿ ಲುಕ್ರೀಷಿಯಸ್‌ನ ಸಾಲುಗಳನ್ನು ಹೇಳಿದರು. ಅವನ ದೇವರುಗಳು ಎಲ್ಲೋ ದೂರದಲ್ಲಿ ಸುಖವಾಗಿರುವವರು, ಮನುಷ್ಯರ ಗೊಡವೆಯೇ ಇಲ್ಲದವರು. ಅಂಥ ದೇವರನ್ನು ನಂಬಿದವನನ್ನು ನೀವು ಒಳಗೆ ಬಿಡುತ್ತೀರಿ. ಹಾಗಾದರೆ ನಿಮ್ಮ ಆಣೆ ಕಾಯುತ್ತಿರುವುದಾದರೂ ಏನನ್ನು? ಇದು ಅವರ ಮಾತಿನ ಸಾರ. ಮಸೂದೆ 289–292, ಮೂರೇ ಮತಗಳಿಂದ ಬಿತ್ತು.

ಬಗೆಹರಿದದ್ದು ಹೇಗೆ? ಸಪ್ಪೆಯಾಗಿ. 1886ರ ಜನವರಿ 13ರಂದು ಹೊಸ ಪಾರ್ಲಿಮೆಂಟು ಸೇರಿದಾಗ ಹೊಸ ಸ್ಪೀಕರ್ ಪೀಲ್, ಚುನಾಯಿತ ಸದಸ್ಯನೊಬ್ಬ ಆಣೆ ಮಾಡಲು ಬಂದರೆ ನಡುವೆ ಬಾಯಿ ಹಾಕುವ ಹಕ್ಕು ಯಾರಿಗೂ ಇಲ್ಲ ಎಂದರು. ಬ್ರಾಡ್ಲಾ ಎಲ್ಲರ ಸಾಲಿನಲ್ಲಿ ನಿಂತು ಪ್ರಮಾಣ ಮಾಡಿ ಕೂತರು. ಆರು ವರ್ಷಗಳ ರಗಳೆ ಕೆಲವು ನಿಮಿಷಗಳಲ್ಲಿ ಮುಗಿಯಿತು. 1888ರಲ್ಲಿ ಅವರೇ ಮಂಡಿಸಿದ ಪ್ರಮಾಣಗಳ ಕಾಯ್ದೆ ಪಾಸಾಯಿತು. ದೃಢೀಕರಣ ಎಲ್ಲರ ಹಕ್ಕಾಯಿತು.

ಇಲ್ಲೊಂದು ವಿಚಿತ್ರ ಗಮನಿಸಿ. ಗಂಗಾಜಲ, ಕುರಾನು ಮುಟ್ಟಿಸಿ ಸಾಕ್ಷಿಗಳಿಂದ ಆಣೆ ಮಾಡಿಸುವುದು ಅವರ ಮನಸ್ಸಿಗೆ ಒಗ್ಗುತ್ತಿಲ್ಲ ಎಂದು ಭಾರತದ ಕೋರ್ಟುಗಳಲ್ಲಿ ಹಿಂದೂ ಮುಸ್ಲಿಮರಿಗೆ ದೃಢೀಕರಣವನ್ನು ಬ್ರಿಟಿಷರು 1840ರಲ್ಲೇ ತಂದಿದ್ದರು. ಆಳಿಸಿಕೊಳ್ಳುವವರಿಗೆ ಕೊಟ್ಟ ಈ ಸೌಲಭ್ಯವನ್ನು ತಮ್ಮದೇ ಮತದಾರರು ಆರಿಸಿದವನಿಗೆ ಕೊಡಲು ಅವರಿಗೆ ಇಷ್ಟು ಕಾಲ ಹಿಡಿಯಿತು. ಇಂದು ನಮ್ಮ ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಎರಡೂ ದಾರಿಗಳಿವೆ: ದೇವರ ಹೆಸರಿನಲ್ಲಿ, ಇಲ್ಲವೇ ಸತ್ಯನಿಷ್ಠೆಯಿಂದ. ರೈತರ ಹೆಸರು, ಗುರುಗಳ ಹೆಸರು ಸೇರಿಸಿಕೊಳ್ಳುವುದು ನಮ್ಮವರದೇ ಶೋಧ.

ಸದಸ್ಯತ್ವ ಕೈಗೆ ಬಂದ ಮೇಲೆ ಬ್ರಾಡ್ಲಾ ಎಲ್ಲರ ನೆಚ್ಚಿನವರೇನೂ ಆಗಲಿಲ್ಲ. ಸಮಾಜವಾದವನ್ನು ಕಟುವಾಗಿ ವಿರೋಧಿಸಿದರು, ಎಂಟು ತಾಸಿನ ದುಡಿಮೆಗೆ ಕಾನೂನು ಬೇಡವೆಂದರು. ಹಳೆಯ ಶಿಷ್ಯರು ಹಲವರು ದೂರವಾದರು. ಆದರೆ ಕಾಮನ್ಸ್ ಸಭೆಯಲ್ಲಿ ಭಾರತದ ಪರ ಬಾಯಿ ಬಿಡುವವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಇವರಿಗೆ 'ಭಾರತದ ಸದಸ್ಯ' ಎಂಬ ಅಡ್ಡಹೆಸರು ಬಂತು. 1889ರಲ್ಲಿ ಸಾವಿನ ಬಾಯಿಂದ ಎದ್ದವರು ಡಿಸೆಂಬರಿನಲ್ಲಿ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದರು. ಕಾಕತಾಳೀಯವೆಂದರೆ, ಆ ವರ್ಷದ ಪ್ರತಿನಿಧಿಗಳ ಸಂಖ್ಯೆಯೂ 1889. ಭಾರತದ ಶಾಸನಸಭೆಗಳಿಗೆ ಚುನಾವಣೆಯ ಅಂಶ ತರುವ ಮಸೂದೆಯನ್ನು 1890ರಲ್ಲಿ ಮಂಡಿಸಿದರು. ಸರ್ಕಾರ ಅದನ್ನು ಬಿಟ್ಟು 1892ರಲ್ಲಿ ತನ್ನದೇ ನೀರು ಬೆರೆಸಿದ ಕಾಯ್ದೆ ತಂದಿತು. ಅದನ್ನು ನೋಡಲು ಅವರಿರಲಿಲ್ಲ.

1891ರ ಜನವರಿ 27ರಂದು, ಬ್ರಾಡ್ಲಾ ಪ್ರಜ್ಞೆ ತಪ್ಪಿ ಮಲಗಿದ್ದಾಗ, ಅವರಿಗೆ ಆಣೆಯನ್ನೂ ದೃಢೀಕರಣವನ್ನೂ ನಿರಾಕರಿಸಿದ್ದ 1880ರ ನಿರ್ಣಯವನ್ನು ಕಾಮನ್ಸ್ ಸಭೆ ತನ್ನ ಕಡತದಿಂದ ಹೊಡೆದುಹಾಕಿತು. ಸುದ್ದಿ ಅವರ ಕಿವಿಗೆ ಬೀಳಲಿಲ್ಲ. 30ರಂದು ತೀರಿಕೊಂಡರು. ಲಂಡನ್ ಹೊರಗಿನ ಬ್ರೂಕ್‌ವುಡ್ ಸ್ಮಶಾನದಲ್ಲಿ ಮಂತ್ರವಿಲ್ಲ, ಭಾಷಣವಿಲ್ಲ, ಮೌನವಾಗಿ ಮಣ್ಣು ಮಾಡಿದರು. ನೆರೆದವರಲ್ಲಿ ಲಂಡನ್ನಿನ ಭಾರತೀಯರು ಬಹಳ ಮಂದಿ; ಅವರ ನಡುವೆ ಇಪ್ಪತ್ತೊಂದು ವರ್ಷದ ಕಾನೂನು ವಿದ್ಯಾರ್ಥಿ ಮೋಹನದಾಸ ಗಾಂಧಿ. ವಾಪಸಾಗುವಾಗ ರೈಲು ನಿಲ್ದಾಣದಲ್ಲಿ ಒಬ್ಬ ಹುಂಬ ನಾಸ್ತಿಕ ಅಲ್ಲಿದ್ದ ಪಾದ್ರಿಯೊಬ್ಬರನ್ನು ಕೆಣಕಿದ್ದನ್ನು ಅವರು ಮುಂದೆ ಆತ್ಮಕಥೆಯಲ್ಲಿ ಬರೆದರು. ಭೂಮಿಯ ಸುತ್ತಳತೆ ಒಪ್ಪುತ್ತೀರಲ್ಲ, ನಿಮ್ಮ ದೇವರ ಅಳತೆ ಎಷ್ಟು, ಎಲ್ಲಿದ್ದಾನೆ ಹೇಳಿ, ಎಂದನಂತೆ ಆತ. ನಮಗೆ ತಿಳಿದರೆ, ನಮ್ಮಿಬ್ಬರ ಹೃದಯದಲ್ಲೂ ಇದ್ದಾನೆ, ಎಂದರಂತೆ ಪಾದ್ರಿ. ನಾಸ್ತಿಕನನ್ನು ಕೊನೆಯದಾಗಿ ಕಳಿಸಿಕೊಡಲು ಬಂದಿದ್ದ ಪಾದ್ರಿ.