ಶೇಕಡಾ ಎಂದರೆ ಯಾರ ನೂರು?

ತಾಲ್ಲೂಕು ಪಂಚಾಯ್ತಿಯ ಕೆಡಿಪಿ ಸಭೆಗೆ, ಅಂದರೆ ಸರ್ಕಾರಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ ಸಭೆಗೆ, ಹೋದರೆ ಒಂದು ಪ್ರಶ್ನೆ ತಪ್ಪುವುದಿಲ್ಲ. "ಮೇಡಂ, ಕುಟುಂಬ ಆರೋಗ್ಯ ಸಮೀಕ್ಷೆದಾಗ ನಮ್ಮ ತಾಲ್ಲೂಕಿಂದು ಎಷ್ಟ್ ಬಂದೈತ್ರೀ?" ಕುಂದಗೋಳದಲ್ಲೂ ಇದೇ, ಮುಂಡರಗಿಯಲ್ಲೂ ಇದೇ, ಹಾನಗಲ್ಲಿನಲ್ಲೂ ಇದೇ. ಉತ್ತರ ಚಿಕ್ಕದು: ತಾಲ್ಲೂಕಿನ ಅಂಕಿ ಅದರಲ್ಲಿ ಇಲ್ಲ, ಇರಲು ಸಾಧ್ಯವೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಗಿಂತ ಕೆಳಗೆ ಇಳಿಯುವುದಿಲ್ಲ. 1992-93ರ ಮೊದಲ ಸುತ್ತಿನಿಂದ 2005-06ರ ಮೂರನೇ ಸುತ್ತಿನವರೆಗೆ ಅದು ರಾಜ್ಯದ ಅಂಕಿಯನ್ನಷ್ಟೇ ಕೊಡುತ್ತಿತ್ತು. ಜಿಲ್ಲೆಯ ಲೆಕ್ಕಕ್ಕೆ ಡಿಎಲ್‌ಎಚ್‌ಎಸ್ ಎಂಬ ಬೇರೆ ಸಮೀಕ್ಷೆ ಇತ್ತು. 2015-16ರ ನಾಲ್ಕನೇ ಸುತ್ತಿನಲ್ಲಿ ಎಲ್ಲ ಜಿಲ್ಲೆಗಳಿಗೂ ಒಂದೊಂದು ಹಾಳೆ ಸಿಕ್ಕಿತು. ಅಂದಿನಿಂದ ಧಾರವಾಡ, ಗದಗ, ಹಾವೇರಿಗಳನ್ನು ಅಕ್ಕಪಕ್ಕ ಇಟ್ಟು ಯಾರು ಮುಂದೆ, ಯಾರು ಹಿಂದೆ ಎಂದು ನೋಡುವ ಚಾಳಿಯೂ ಶುರುವಾಯಿತು.

ನಾನು ಸಮುದಾಯ ವೈದ್ಯಶಾಸ್ತ್ರ ಕಲಿಸುವವಳು. ಹಳ್ಳಿಗೆ ಪೋಸ್ಟಿಂಗ್ ಬರುವ ಹೌಸ್ ಸರ್ಜನ್‌ಗಳಿಗೆ ಈ ಹಾಳೆ ಕೊಟ್ಟು ಮೊದಲು ಕೇಳುವುದು ಒಂದೇ: ಇಲ್ಲಿ ಶೇಕಡಾ ಎಂದು ಬರೆದಿದೆಯಲ್ಲ, ಆ ನೂರು ಜನ ಯಾರು?

ಐದನೇ ಸುತ್ತನ್ನೇ ತೆಗೆದುಕೊಳ್ಳಿ. ಮುಂಬೈಯ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಕೇಂದ್ರ ಆರೋಗ್ಯ ಸಚಿವಾಲಯಕ್ಕಾಗಿ 2019-21ರಲ್ಲಿ ನಡೆಸಿದ್ದು. ಕರ್ನಾಟಕ ಮೊದಲ ಹಂತದಲ್ಲೇ ಇತ್ತು, ಹಾಗಾಗಿ ಇಲ್ಲಿಯ ಕೆಲಸ ಕೋವಿಡ್‌ಗೆ ಮುಂಚೆಯೇ ಮುಗಿಯಿತು. ರಾಜ್ಯದಲ್ಲಿ ಮಾತಾಡಿಸಿದ ಮನೆಗಳು 26,574, ಮಹಿಳೆಯರು 30,455. ಆಗಿನ 30 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಒಂಬೈನೂರರ ಆಸುಪಾಸು ಮನೆ. ಜಿಲ್ಲೆಯ ಹಳ್ಳಿ ಮತ್ತು ನಗರ ಬ್ಲಾಕುಗಳಲ್ಲಿ ಕೆಲವನ್ನು ಆರಿಸಿ, ಅಲ್ಲಿಯ ಮನೆಗಳನ್ನೆಲ್ಲ ಪಟ್ಟಿ ಮಾಡಿ, ಅಂಥ ಪ್ರತಿ ಪಟ್ಟಿಯಿಂದ 22 ಮನೆ ತೆಗೆಯುತ್ತಾರೆ. ಆರಿಸಿದ ಮನೆಗೆ ಬೀಗ ಇದ್ದರೆ ಮತ್ತೆ ಬರಬೇಕು. ಪಕ್ಕದ ಮನೆಯಲ್ಲಿ ಕೇಳಿ ಮುಗಿಸುವ ಹಾಗಿಲ್ಲ. ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುವ ತಾಂಡಾಗಳಲ್ಲಿ ಈ ನಿಯಮ ಎಷ್ಟು ಕಷ್ಟದ್ದು ಎಂದು ಕ್ಷೇತ್ರಕ್ಕೆ ಹೋದವರಿಗೆ ಗೊತ್ತು. ಬೀಗ ಬಿದ್ದ ಮನೆ ಉತ್ತರವಿಲ್ಲದ ಮನೆಯಾಗಿಯೇ ಉಳಿಯುತ್ತದೆ, ಅದರೊಳಗಿನ ಮಕ್ಕಳೂ ಲೆಕ್ಕದಿಂದ ಹೊರಗೆ.

ಒಂಬೈನೂರು ಮನೆ ಎಂದರೆ ಕಡಿಮೆಯೇನಲ್ಲ. ಆದರೆ ಲಸಿಕೆಯ ಪ್ರಶ್ನೆಗೆ ಬಂದಾಗ ನೋಡಬೇಕಾದದ್ದು 12ರಿಂದ 23 ತಿಂಗಳ ಮಕ್ಕಳನ್ನು ಮಾತ್ರ. ಸಾವಿರ ಜನಕ್ಕೆ ವರ್ಷಕ್ಕೆ ಹದಿನಾರು ಹದಿನೇಳು ಹೆರಿಗೆ ಆಗುವ ನಮ್ಮ ರಾಜ್ಯದಲ್ಲಿ, ಒಂಬೈನೂರು ಮನೆಗಳಲ್ಲಿ ಆ ವಯಸ್ಸಿನ ಮಕ್ಕಳು ಸುಮಾರು ಅರವತ್ತು ಸಿಗಬಹುದು. ಅರವತ್ತು ಮಕ್ಕಳಲ್ಲಿ ನಾಲ್ಕು ಮಕ್ಕಳ ಕಾರ್ಡು ಆ ಕಡೆ ಈ ಕಡೆ ಆದರೆ ಶೇಕಡಾ ಆರೇಳು ಅಂಕ ಜಿಗಿಯುತ್ತದೆ. ಜಿಲ್ಲೆಯಲ್ಲಿ ಲಸಿಕೆ ಶೇ 80ರಿಂದ 86ಕ್ಕೆ ಹೋಯಿತೆಂದು ಯಾರಾದರೂ ಭಾಷಣ ಮಾಡಿದರೆ ನಾನು ಚಪ್ಪಾಳೆ ತಟ್ಟುವುದೂ ಇಲ್ಲ, 80ರಿಂದ 74ಕ್ಕೆ ಬಿತ್ತೆಂದು ಆರೋಗ್ಯಾಧಿಕಾರಿಯನ್ನು ನಿಲ್ಲಿಸಿ ಕೇಳಿದರೆ ಅದಕ್ಕೆ ದನಿಗೂಡಿಸುವುದೂ ಇಲ್ಲ. ಅದೇ ರಾಜ್ಯದ ಅಂಕಿ ನೋಡಿ: ಪೂರ್ಣ ಲಸಿಕೆ ಪಡೆದ ಮಕ್ಕಳು ನಾಲ್ಕನೇ ಸುತ್ತಿನಲ್ಲಿ ಶೇ 62.6, ಐದನೆಯದರಲ್ಲಿ ಶೇ 84.1. ಇಷ್ಟು ದೊಡ್ಡ ಮಾದರಿಯಲ್ಲಿ ಇಷ್ಟು ದೊಡ್ಡ ಜಿಗಿತ ಆಕಸ್ಮಿಕವಾಗಿ ಬರುವುದಿಲ್ಲ. ಇದನ್ನು ನಂಬುತ್ತೇನೆ.

ಜಿಲ್ಲಾ ಹಾಳೆಯಲ್ಲಿ ಕೆಲವು ಅಂಕಿಗಳ ಸುತ್ತ ಆವರಣ ಚಿಹ್ನೆ ಇರುತ್ತದೆ, ಕೆಲವು ಕಡೆ ಅಂಕಿಯೇ ಇಲ್ಲದೆ ಒಂದು ನಕ್ಷತ್ರ ಇರುತ್ತದೆ. ಇವು ಅಚ್ಚಿನ ದೋಷವಲ್ಲ. ಆವರಣ ಇದ್ದರೆ ಆ ಅಂಕಿ ನಿಂತಿರುವುದು 25ರಿಂದ 49 ಜನರ ಮೇಲೆ ಎಂದರ್ಥ. ನಕ್ಷತ್ರ ಇದ್ದರೆ ಸಿಕ್ಕವರು 25ಕ್ಕಿಂತ ಕಡಿಮೆ, ಹಾಗಾಗಿ ಹೇಳುವುದೇ ಇಲ್ಲ ಎಂದರ್ಥ. ಸಮೀಕ್ಷೆ ಮಾಡಿದವರು ಪ್ರಾಮಾಣಿಕವಾಗಿ ಹಾಕಿದ ಈ ಆವರಣ, ಹಾಳೆಯಿಂದ ಪವರ್‌ಪಾಯಿಂಟಿಗೆ ಬರುವಷ್ಟರಲ್ಲಿ ಉದುರಿಹೋಗಿರುತ್ತದೆ. ಆಮೇಲೆ 30 ಮಕ್ಕಳ ಅಂಕಿಯೂ 300 ಮಕ್ಕಳ ಅಂಕಿಯೂ ಒಂದೇ ಬಣ್ಣದ ಕಂಬಗಳಾಗಿ ಪರದೆಯ ಮೇಲೆ ನಿಲ್ಲುತ್ತವೆ.

ನೂರು ಬದಲಾದರೆ ಚಿತ್ರ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಸಿಸೇರಿಯನ್ ಒಳ್ಳೆಯ ಉದಾಹರಣೆ. ಐದನೇ ಸುತ್ತಿನ ಪ್ರಕಾರ ದೇಶದಲ್ಲಿ ಸಿಸೇರಿಯನ್ ಶೇ 21.5. ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3, ಖಾಸಗಿಯಲ್ಲಿ ಶೇ 47.4. ಮೊದಲ ಅಂಕಿಯ ನೂರರಲ್ಲಿ ಮನೆಯಲ್ಲಿ ಹೆತ್ತವರೂ ಇದ್ದಾರೆ. ಕೊನೆಯದರ ನೂರರಲ್ಲಿ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವರು ಮಾತ್ರ. 'ದೇಶದ ಅರ್ಧ ಹೆರಿಗೆಗಳು ಕತ್ತರಿಯಿಂದ' ಎಂಬ ವಾಟ್ಸಾಪ್ ಸಂದೇಶ ಹುಟ್ಟುವುದು ಈ ಎರಡನ್ನು ಒಂದೇ ಎಂದುಕೊಂಡಾಗ. ಕರ್ನಾಟಕದ ಒಟ್ಟು ಪ್ರಮಾಣ ಶೇ 31.5. ಅದು ಚಿಂತೆ ಮಾಡಬೇಕಾದ ಅಂಕಿಯೇ, ಉತ್ಪ್ರೇಕ್ಷೆ ಬೇಕಿಲ್ಲ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ: ಕುಂಠಿತ ಬೆಳವಣಿಗೆ. ವಯಸ್ಸಿಗೆ ತಕ್ಕ ಎತ್ತರ ಇಲ್ಲದ ಐದು ವರ್ಷದೊಳಗಿನ ಮಕ್ಕಳು ಕರ್ನಾಟಕದಲ್ಲಿ ಶೇ 36.2 ಇದ್ದವರು ಶೇ 35.4 ಆದರು. ಅಂದರೆ ನಾಲ್ಕು ವರ್ಷಗಳಲ್ಲಿ ಹೆಚ್ಚುಕಡಿಮೆ ಏನೂ ಆಗಲಿಲ್ಲ. ಈ ಅಂಕಿ ಹುಟ್ಟುವುದು ಎರಡು ಅಳತೆಗಳಿಂದ, ಎತ್ತರ ಮತ್ತು ವಯಸ್ಸು. ಎತ್ತರದ ಮೇಲೆ ಎಲ್ಲರಿಗೂ ಗಮನ. ಎರಡು ವರ್ಷದೊಳಗಿನ ಕೂಸನ್ನು ಹಲಗೆಯ ಮೇಲೆ ಮಲಗಿಸಿ, ಒಬ್ಬರು ತಲೆ ಹಿಡಿದು ಇನ್ನೊಬ್ಬರು ಮೊಣಕಾಲು ಒತ್ತಿ ಅಳೆಯಬೇಕು. ದೊಡ್ಡ ಮಕ್ಕಳನ್ನು ನಿಲ್ಲಿಸಬೇಕು. ಅದೇ ಮಗುವನ್ನು ಮಲಗಿಸಿದರೆ ನಿಲ್ಲಿಸಿದ್ದಕ್ಕಿಂತ 0.7 ಸೆಂ.ಮೀ. ಉದ್ದ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡವೇ ಲೆಕ್ಕ ಹಾಕಿಕೊಂಡಿದೆ. ಇದನ್ನೆಲ್ಲ ತರಬೇತಿಯಲ್ಲಿ ಕಲಿಸಬಹುದು. ವಯಸ್ಸಿನ ಗತಿ?

"ಮಗಾ ಯಾವಾಗ ಹುಟ್ಟಿದ್ದವ್ವಾ?"

"ಕಾರಹುಣ್ಣಿವಿ ಮುಂದ ಹುಟ್ಯಾನ್ರೀ ಅಕ್ಕಾರ. ಅಲ್ಲಲ್ಲ, ನಾಗರಪಂಚಮಿಗೆ ಹನ್ನೊಂದ್ ದಿನದಾಂವ ಇದ್ದ."

ಕಾರಹುಣ್ಣಿಮೆಯಿಂದ ಪಂಚಮಿಗೆ ಒಂದೂವರೆ ಎರಡು ತಿಂಗಳ ಅಂತರ. ಇದರ ಬೆಲೆ ಎಷ್ಟು ಗೊತ್ತೇ? ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 18 ತಿಂಗಳ ಗಂಡುಮಗುವಿನ ಕೆಳಗೆರೆ 76.9 ಸೆಂ.ಮೀ., 20 ತಿಂಗಳ ಮಗುವಿನದು 78.6. ಮಗು 77.5 ಸೆಂ.ಮೀ. ಇದ್ದರೆ, ಹದಿನೆಂಟು ತಿಂಗಳೆಂದು ಬರೆದಾಗ ಅದು ಸರಿಯಾಗಿ ಬೆಳೆದ ಮಗು, ಇಪ್ಪತ್ತು ತಿಂಗಳೆಂದು ಬರೆದಾಗ ಕುಂಠಿತ. ಮಗು ಅದೇ, ಹಲಗೆ ಅದೇ. ತಾಯಿ ಕಾರ್ಡಿನಲ್ಲಿ ದಿನಾಂಕ ಇದ್ದರೆ ಗೊಂದಲ ಇಲ್ಲ. ಕಾರ್ಡು ಹಲವು ಸಲ ಟ್ರಂಕಿನ ತಳದಲ್ಲಿ, ಇಲ್ಲವೇ ತವರುಮನೆಯಲ್ಲಿ. ಹೀಗಾಗಿಯೇ ಒಳ್ಳೆಯ ಮೇಲ್ವಿಚಾರಕಿ ಎತ್ತರ ಅಳೆಯುವುದಕ್ಕಿಂತ ಹೆಚ್ಚು ಹೊತ್ತು ಪಂಚಾಂಗದೊಂದಿಗೆ ಕಳೆಯುತ್ತಾಳೆ: ಹಬ್ಬದ ಮೊದಲೋ ಆಮೇಲೋ, ಹೆಸರಿಡುವಾಗ ಮಳೆ ಇತ್ತೋ, ಸೋಯಾ ಬಿತ್ತಿದ್ದರೋ ಕಡಲೆ ಕೀಳುತ್ತಿದ್ದರೋ. ಆ ಹೊತ್ತು ವ್ಯರ್ಥವಲ್ಲ.

ಸೊರಗುವಿಕೆ, ಅಂದರೆ ಎತ್ತರಕ್ಕೆ ತಕ್ಕ ತೂಕ ಇಲ್ಲದಿರುವುದು, ವಯಸ್ಸಿನ ಹಂಗಿಲ್ಲದ ಅಳತೆ. ರಾಜ್ಯದಲ್ಲಿ ಅದು ಶೇ 26.1ರಿಂದ 19.5ಕ್ಕೆ ಇಳಿಯಿತು. ಆದರೆ ಅದಕ್ಕೆ ಋತುವಿನ ಹಂಗಿದೆ. ಮಳೆಗಾಲದ ವಾಂತಿಭೇದಿ, ಜ್ವರದಲ್ಲಿ ತೂಕ ಇಳಿಯುತ್ತದೆ. ಸುಗ್ಗಿ ಮುಗಿದ ಮೇಲೆ ಚೇತರಿಸುತ್ತದೆ. ಎರಡು ಸುತ್ತುಗಳು ಒಂದೇ ತಿಂಗಳುಗಳಲ್ಲಿ ನಡೆದಿವೆಯೇ ಎಂದು ನೋಡದೆ ಇಳಿಕೆಯನ್ನು ಪೂರ್ತಿ ಯೋಜನೆಯ ಖಾತೆಗೆ ಹಾಕುವುದು ಅವಸರ.

ರಕ್ತಹೀನತೆಯ ಕಥೆ ಇನ್ನೂ ಸಿಕ್ಕು. ದೇಶದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 58.6 ಇದ್ದದ್ದು 67.1 ಆಯಿತು, ಕರ್ನಾಟಕದಲ್ಲಿ 60.9 ಇದ್ದದ್ದು 65.5. ಕಬ್ಬಿಣಾಂಶದ ಸಿರಪ್ಪು, ಮಾತ್ರೆ, ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಮಾತೃಪೂರ್ಣದ ಬಿಸಿಯೂಟ, ಇಷ್ಟೆಲ್ಲ ಇದ್ದೂ ಏರಿತೇ? ಏರಿರಬಹುದು. ಆದರೆ ಅಳೆದದ್ದು ಬೆರಳು ಚುಚ್ಚಿ ತೆಗೆದ ಹನಿಯಲ್ಲಿ. ಮೊದಲ ಹನಿಗಳನ್ನು ಒರೆಸಿ, ಬೆರಳನ್ನು ಹಿಂಡದೆ, ತಾನಾಗಿ ಬಂದ ಹನಿಯನ್ನು ತೆಗೆದುಕೊಳ್ಳಬೇಕೆಂಬುದು ನಿಯಮ. ಅಳುವ ಕೂಸು, ತಣ್ಣಗಿನ ಬೆರಳು, ಸುತ್ತ ನೆರೆದ ಓಣಿಯ ಜನ; ಹನಿ ಬಾರದಿದ್ದರೆ ಕೈ ತಾನಾಗಿಯೇ ಹಿಂಡುತ್ತದೆ. ಹಿಂಡಿದರೆ ಚರ್ಮದಡಿಯ ದ್ರವ ಸೇರಿ ರಕ್ತ ತೆಳುವಾಗಿ, ಹಿಮೋಗ್ಲೋಬಿನ್ ಕಡಿಮೆ ತೋರಿಸುತ್ತದೆ. 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ನೋಡಿತು: 1ರಿಂದ 4 ವರ್ಷದ ಮಕ್ಕಳಲ್ಲಿ ರಕ್ತಹೀನತೆ ಶೇ 41. ವಯಸ್ಸಿನ ಗುಂಪು ತುಸು ಬೇರೆ, ನಿಜ. ಆದರೂ ಅಷ್ಟು ದೊಡ್ಡ ಕಂದಕ ಅದೊಂದರಿಂದಲೇ ಬರುವುದಿಲ್ಲ. ಆರನೇ ಸುತ್ತಿನಿಂದ ಈ ಪರೀಕ್ಷೆಯನ್ನೇ ಕೈಬಿಟ್ಟು, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಬೇರೊಂದು ಸಮೀಕ್ಷೆಗೆ ವಹಿಸಿದ್ದಾರೆ. ಅತ್ತ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ರಕ್ತಹೀನತೆ ಎನ್ನಲು ಹಾಕುವ ಹಿಮೋಗ್ಲೋಬಿನ್ ಗೆರೆಯನ್ನು ಡೆಸಿಲೀಟರಿಗೆ 11ರಿಂದ 10.5 ಗ್ರಾಂಗೆ ಇಳಿಸಿದೆ. ಮುಂದೆ ಬರುವ ಅಂಕಿ ಕಡಿಮೆ ಇದ್ದರೆ ಅದನ್ನು ಹಳೆಯದರ ಪಕ್ಕ ಇಟ್ಟು ಸಂಭ್ರಮಿಸುವವರು ಇದ್ದೇ ಇರುತ್ತಾರೆ. ಅಳತೆಗೋಲು ಬದಲಾದಾಗ ಹಳೆಯ ಗೆರೆಯನ್ನು ಮುಂದಕ್ಕೆ ಎಳೆಯಬಾರದು.

ಇಷ್ಟಾದರೂ ಆಸ್ಪತ್ರೆ ರಿಜಿಸ್ಟರಿನ ಅಂಕಿಗಿಂತ ಸಮೀಕ್ಷೆಯನ್ನೇ ನಾನು ಹೆಚ್ಚು ನಂಬುವ ಕೆಲವು ಜಾಗಗಳಿವೆ. 2008ರಿಂದ ಇರುವ ಎಚ್‌ಎಂಐಎಸ್ ಪೋರ್ಟಲ್‌ಗೆ ಪ್ರತಿ ತಿಂಗಳೂ ಆಸ್ಪತ್ರೆಗಳ ಹೆರಿಗೆ ಲೆಕ್ಕ ಹೋಗುತ್ತದೆ. ಅದು ಹೆರಿಗೆ ಆದ ಜಾಗದ ಲೆಕ್ಕ. ಹಾನಗಲ್ಲಿನ ಸೊಸೆ, ತವರು ನವಲಗುಂದ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು, ತೊಡಕಾಗಿ ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಹೆತ್ತಳು. ಹೆರಿಗೆ ಧಾರವಾಡ ಜಿಲ್ಲೆಯ ಖಾತೆಗೆ, ಗರ್ಭಿಣಿಯಾಗಿ ನೋಂದಣಿ ಹಾವೇರಿಯ ಖಾತೆಗೆ. ಇಂಥವರು ಗದಗ, ಹಾವೇರಿ, ಬಾಗಲಕೋಟೆ, ಉತ್ತರ ಕನ್ನಡ ಎಲ್ಲ ಕಡೆಯಿಂದ ಬರುವಾಗ, 2011ರ ಜನಗಣತಿಯ ಮೇಲೆ ಕಟ್ಟಿದ ಗರ್ಭಿಣಿಯರ ಅಂದಾಜಿನಿಂದ ಭಾಗಿಸಿದರೆ ಒಂದು ಜಿಲ್ಲೆ ಶೇ 100 ದಾಟುತ್ತದೆ, ಪಕ್ಕದ್ದು ಬಡವಾಗಿ ಕಾಣುತ್ತದೆ. ಸಮೀಕ್ಷೆ ಕೇಳುವುದು ಆಸ್ಪತ್ರೆಯನ್ನಲ್ಲ, ತಾಯಿಯನ್ನು. ಎಲ್ಲಿ ಹೆತ್ತೆ ಎಂದು ಕೇಳಿದರೆ ಅವಳು ಹೇಳುತ್ತಾಳೆ. ರಾಜ್ಯದಲ್ಲಿ ಆಸ್ಪತ್ರೆ ಹೆರಿಗೆ ಶೇ 97 ಎಂಬ ಅಂಕಿ ಅವಳ ಬಾಯಿಂದ ಬಂದದ್ದು.

ಶಿಶುಮರಣದ ಅಂಕಿಯೂ ಅವಳ ಬಾಯಿಂದಲೇ ಬರಬೇಕು. ಹೆತ್ತ ಮಕ್ಕಳನ್ನೆಲ್ಲ ಒಂದೊಂದಾಗಿ ಕೇಳಿ ಬರೆದಾದ ಮೇಲೆ ಪ್ರಶ್ನಾವಳಿಯಲ್ಲಿ ಇನ್ನೊಂದು ಪ್ರಶ್ನೆ ಇದೆ: ಹುಟ್ಟಿ ಒಂದು ಸಲ ಅತ್ತು, ಉಸಿರಾಡಿ, ಆಮೇಲೆ ಉಳಿಯದ ಕೂಸು ಇತ್ತೇ? ಹೆಸರಿಡುವ ಮೊದಲೇ ಹೋದ ಕೂಸನ್ನು ಮನೆಯಲ್ಲಿ ಯಾರೂ ಎಣಿಸುವುದಿಲ್ಲ. ಅತ್ತೆ ಹೊಸ್ತಿಲಲ್ಲಿ ಕೂತಿದ್ದರೆ ಸೊಸೆ "ಇಲ್ರೀ" ಎಂದು ಮುಗಿಸುತ್ತಾಳೆ. ಅತ್ತೆಗೆ ಚಹಾ ಕಾಸಲು ಹೇಳಿ ಒಳಗೆ ಕಳಿಸುವ ಜಾಣ್ಮೆ ಯಾವ ಕೈಪಿಡಿಯಲ್ಲೂ ಬರೆದಿಲ್ಲ, ನಮ್ಮ ಕಡೆಯ ಹೆಣ್ಣುಮಕ್ಕಳು ಅದನ್ನು ತಾವೇ ಕಂಡುಕೊಂಡಿದ್ದಾರೆ. ಕರ್ನಾಟಕದಲ್ಲಿ ಸಾವಿರ ಜೀವಂತ ಜನನಕ್ಕೆ 25.4 ಶಿಶುಮರಣ ಎಂಬ ದಶಮಾಂಶ ನಿಂತಿರುವುದು ಆ ಜಾಣ್ಮೆಯ ಮೇಲೆ. ಅದೂ ಈ ವರ್ಷದ್ದಲ್ಲ. ಸಮೀಕ್ಷೆಗೆ ಹಿಂದಿನ ಐದು ವರ್ಷಗಳದ್ದು.

ತಾಯಿ ಮರಣದ ಪ್ರಮಾಣ ಮಾತ್ರ ಐದನೇ ಸುತ್ತಿನ ಹಾಳೆಯಲ್ಲಿ ಎಲ್ಲೂ ಸಿಗದು. ಅದು ಬರುವುದು ಮಾದರಿ ನೋಂದಣಿ ವ್ಯವಸ್ಥೆಯಿಂದ. ಒಂದೇ ಊರಿನ ಜನನ ಮರಣಗಳನ್ನು ಒಬ್ಬರು ವರ್ಷವಿಡೀ ಬರೆಯುತ್ತಾರೆ, ಇನ್ನೊಬ್ಬರು ಆರು ತಿಂಗಳಿಗೊಮ್ಮೆ ಸ್ವತಂತ್ರವಾಗಿ ಬಂದು ಬರೆಯುತ್ತಾರೆ, ಎರಡನ್ನೂ ತಾಳೆ ನೋಡುತ್ತಾರೆ. 2018-20ರಲ್ಲಿ ಲಕ್ಷ ಜೀವಂತ ಜನನಕ್ಕೆ ದೇಶದಲ್ಲಿ 97, ಕರ್ನಾಟಕದಲ್ಲಿ 69. ಮೂರು ವರ್ಷ ಕೂಡಿಸಿ ಹೇಳುವುದೇಕೆಂದರೆ ಸಂಖ್ಯೆ ಅಷ್ಟು ವಿರಳ. ಗದಗ ಜಿಲ್ಲೆಯ ಜನಸಂಖ್ಯೆ 2011ರಲ್ಲಿ ಹತ್ತೂವರೆ ಲಕ್ಷದಷ್ಟು. ರಾಜ್ಯದ ಸರಾಸರಿಯನ್ನೇ ಹಚ್ಚಿದರೆ ವರ್ಷಕ್ಕೆ ಸುಮಾರು ಹದಿನೇಳೂವರೆ ಸಾವಿರ ಹೆರಿಗೆ, ಹನ್ನೆರಡರಷ್ಟು ತಾಯಂದಿರ ಸಾವು. ಒಂದು ವರ್ಷ ಹದಿನಾರು, ಮರುವರ್ಷ ಒಂಬತ್ತು ಆದರೆ ಪ್ರಮಾಣ ತೊಂಬತ್ತು ದಾಟಿ ಐವತ್ತರ ಹತ್ತಿರ ಇಳಿಯುತ್ತದೆ. ಅದರಲ್ಲಿ ಆರೋಗ್ಯ ವ್ಯವಸ್ಥೆ ಸುಧಾರಿಸಿದ್ದೆಷ್ಟು, ಅದೃಷ್ಟ ಎಷ್ಟು ಎಂದು ಬೇರ್ಪಡಿಸಲು ಯಾವ ಸಂಖ್ಯಾಶಾಸ್ತ್ರಕ್ಕೂ ಆಗದು.

ಹಾಗಾಗಿ ಕೆಡಿಪಿ ಸಭೆಯಲ್ಲಿ ತಾಯಿ ಮರಣದ ಪ್ರಮಾಣ ಕೇಳುವ ಸದಸ್ಯರಿಗೆ ನಾನು ಬೇರೆ ಕಾಗದ ಕೇಳಲು ಹೇಳುತ್ತೇನೆ. ಪ್ರತಿ ತಾಯಿ ಮರಣಕ್ಕೂ ಪರಿಶೋಧನಾ ವರದಿ ಇರಬೇಕು. ಜಿಲ್ಲೆಯಲ್ಲಿ ಹನ್ನೆರಡು ಸಾವಾಗಿದ್ದರೆ ಹನ್ನೆರಡು ವರದಿ, ಅವರ ತಾಲ್ಲೂಕಿಗೆ ಬರುವುದು ಒಂದೋ ಎರಡೋ. ನೋವು ಶುರುವಾದದ್ದು ಎಷ್ಟು ಗಂಟೆಗೆ, 108ಕ್ಕೆ ಫೋನ್ ಹೋದದ್ದು ಯಾವಾಗ, ಮುಂಡರಗಿಯಿಂದ ಗದಗಕ್ಕೆ, ಗದಗದಿಂದ ಹುಬ್ಬಳ್ಳಿಗೆ ಕಳಿಸಿದ್ದು ಯಾವ ಕಾರಣಕ್ಕೆ, ರಕ್ತ ಎಲ್ಲಿ ಸಿಗಲಿಲ್ಲ: ಇದೆಲ್ಲ ಅದರಲ್ಲಿ ಬರೆದಿರಬೇಕು. ಹೆಸರು ಮರೆಮಾಡಿ, ಈ ನಾಲ್ಕು ಉತ್ತರಗಳನ್ನು ಮಾತ್ರ ಒಂದು ಹಾಳೆಗೆ ಇಳಿಸಿ ತರಲು ತಾಲ್ಲೂಕು ಆರೋಗ್ಯಾಧಿಕಾರಿಗೆ ಹೇಳಿದರೆ ಮುಂದಿನ ಸಭೆಗೆ ಸಿದ್ಧವಾಗುತ್ತದೆ. ತಾಲ್ಲೂಕಿನ ಅಂಕಿ ಬೇಕೆಂದವರಿಗೆ ಆ ಹಾಳೆಯೇ ಸಿಗುವಂಥದ್ದು.